ಮಗಳ ಮೂರು ಡ್ರಾಯಿಂಗ್ ಕ್ಲಾಸು, ಒಂದು ಗಿಡ್ಡ ಸ್ಟೂಲು

ಮೊದಲೇ ಹೇಳಿಬಿಡುತ್ತೇನೆ, ಅಳತೆಯ ಡ್ರಾಯಿಂಗ್ ಕಲಿಯಲು ಮಗಳನ್ನು ಕಳಿಸಿದ ಮೂರು ಕಡೆಯಲ್ಲಿ ನನ್ನ ಓಟು ಧಾರವಾಡದ ಮಾಸ್ತರರಿಗೆ. ಕಂಪ್ಯೂಟರ್ ಕ್ಲಾಸಿಗೆ ಆರು ಸಾವಿರ ಸುರಿದು, ಮೇಲೆ ಹನ್ನೊಂದು ನೂರು ರೂಪಾಯಿಯ ಕಟ್ಟಿಗೆ ಕಳೆದುಕೊಂಡ ಮೇಲೆ ಬಂದ ಬುದ್ಧಿ ಇದು.

ಮಗಳು ಈಗ ಹತ್ತನೇ ಕ್ಲಾಸು. ಮುಂದೆ ಸಿವಿಲ್ ಡಿಪ್ಲೊಮಾ, ಆಮೇಲೆ ಆರ್ಕಿಟೆಕ್ಚರ್ ಅಂತ ಅವಳ ಆಸೆ. ಜೂನಿಯರ್ ಟೆಕ್ನಿಕಲ್ ಸ್ಕೂಲಿನ ಮಕ್ಕಳಿಗೆ ಹೈಸ್ಕೂಲಿನಲ್ಲೇ ಎಂಜಿನಿಯರಿಂಗ್ ಗ್ರಾಫಿಕ್ಸ್, ಅಂದರೆ ಅಳತೆಗೆ ತಕ್ಕ ನಕ್ಷೆ ಬಿಡಿಸುವುದು, ಒಂದು ವಿಷಯವಾಗಿ ಇರುತ್ತದೆ. ಸಿಬಿಎಸ್‌ಇಯಲ್ಲಿ ಹನ್ನೊಂದು, ಹನ್ನೆರಡಕ್ಕೆ ತಗೋಬಹುದು. ನಮ್ಮವಳದು ಮಾಮೂಲಿ ಹೈಸ್ಕೂಲು. ಡ್ರಾಯಿಂಗ್ ಪೀರಿಯಡ್ ಅಂದರೆ ಹೂವು, ಮನೆ, ಗುಡ್ಡದ ಹಿಂದೆ ಸೂರ್ಯ. ಹಾಗಾಗಿ ಏಪ್ರಿಲ್‌ನಿಂದ ಇಲ್ಲಿವರೆಗೆ ಮೂರು ಕಡೆ ಕಳಿಸಿ ನೋಡಿದೆ: ಹುಬ್ಬಳ್ಳಿಯಲ್ಲೇ ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವ ಒಂದು ಆಟೋಕ್ಯಾಡ್ ಕ್ಲಾಸು, ಧಾರವಾಡದಲ್ಲಿ ನಿವೃತ್ತ ಡ್ರಾಯಿಂಗ್ ಮಾಸ್ತರರ ಮನೆ, ನಮ್ಮ ಓಣಿಯ ಬಡಿಗ ಕಾಕಾನ ಶೆಡ್ಡು.

ಕಂಪ್ಯೂಟರ್ ಕ್ಲಾಸಿನಲ್ಲಿ ಎ.ಸಿ. ಇತ್ತು. ಹುಡುಗಿ ಖುಷಿಯಾಗಿದ್ದಳು. ಹದಿನೈದು ದಿನದಲ್ಲಿ ಎರಡು ಬೆಡ್‌ರೂಮ್ ಮನೆಯ ಪ್ಲ್ಯಾನ್ ಬಿಡಿಸಿ ತಂದಳು. ಸೋಫಾ, ಕಮೋಡು, ಅಂಗಳದಲ್ಲಿ ತೆಂಗಿನ ಗಿಡ, ಎಲ್ಲ ಇತ್ತು. ನಮ್ಮ ಯಜಮಾನರು ಅದನ್ನು ವಾಟ್ಸಾಪಿನಲ್ಲಿ ಎಲ್ಲ ಬೀಗರಿಗೂ ಕಳಿಸಿದರು.

ಎರಡನೇ ತಿಂಗಳು, "ಮನೆಗೆ ಬೇಕಾದ ಒಂದು ವಸ್ತು ಬಿಡಿಸಿ" ಅಂದರಂತೆ. ನಾನು ಬ್ಲೌಸ್ ಹೊಲಿಯುವವಳು. ಮಷೀನಿನ ಮುಂದೆ ಕೂರಲು ಒಂದು ಸ್ಟೂಲು ಬೇಕಿತ್ತು. ಎತ್ತರ 450 ಮಿಲಿಮೀಟರ್, ಕೂರುವ ಹಲಗೆ 300ಕ್ಕೆ 300. ಎ3 ಹಾಳೆಗೆ 1:5 ಸ್ಕೇಲು. ಅಂದರೆ ಎಲ್ಲ ಅಳತೆಯೂ ಐದರಲ್ಲೊಂದು ಪಾಲು, ಎತ್ತರದ ಗೆರೆ ಕಾಗದದ ಮೇಲೆ 90 ಮಿಲಿಮೀಟರ್ ಬರಬೇಕು. ಝೆರಾಕ್ಸ್ ಅಂಗಡಿಯಲ್ಲಿ ಎ3 ಹಾಳೆ ಇರಲಿಲ್ಲ. ಹುಡುಗ "ಫಿಟ್ ಟು ಪೇಜ್" ಒತ್ತಿ ಎ4ನಲ್ಲಿ ತೆಗೆದುಕೊಟ್ಟ. ಎ3ಯಿಂದ ಎ4ಗೆ ಇಳಿದರೆ ಪ್ರತಿ ಗೆರೆಯೂ ನೂರಕ್ಕೆ ಸುಮಾರು ಎಪ್ಪತ್ತೊಂದು ಆಗುತ್ತದೆ. 90 ಇದ್ದದ್ದು 64 ಆಯಿತು. ಮೂಲೆಯಲ್ಲಿ "ಸ್ಕೇಲ್ 1:5" ಅನ್ನೋದು ಮಾತ್ರ ಹಾಗೇ ಕೂತಿತ್ತು.

ಅಳತೆಯ ಅಂಕಿ ಬರೆದಿರಲಿಲ್ವಾ ಅಂತ ಕೇಳಬಹುದು. ಬರೆದಿದ್ದಳು. ಆದರೆ ಆಟೋಕ್ಯಾಡ್‌ನಲ್ಲಿ ಸ್ಟೂಲನ್ನು ಅದರ ಪೂರ್ತಿ ಅಳತೆಯಲ್ಲೇ ಬಿಡಿಸುತ್ತಾರೆ, ಕುಗ್ಗಿಸುವುದು ಪ್ರಿಂಟ್ ತೆಗೆಯುವಾಗ. ಅಂಕಿಯ ಎತ್ತರ 2.5 ಮಿಲಿಮೀಟರ್ ಅಂತಲೇ ಬಿಟ್ಟರೆ 1:5ರಲ್ಲಿ ಅದೂ ಕುಗ್ಗಿ ಅರ್ಧ ಮಿಲಿಮೀಟರ್ ಆಗುತ್ತದೆ. ಎ4ನಲ್ಲಿ ಇನ್ನೂ ಸಣ್ಣದು. ಪ್ರಿಂಟಿಗೆ ತಕ್ಕಂತೆ ಅಂಕಿ ದೊಡ್ಡದು ಮಾಡಲು ಒಂದು ಸೆಟ್ಟಿಂಗ್ ಇದೆ, ಕಷ್ಟದ್ದೇನಲ್ಲ. ಕ್ಲಾಸಿನಲ್ಲಿ ಹೇಳಿರಲಿಲ್ಲ. ಯಾಕಂದರೆ ಎರಡು ತಿಂಗಳಲ್ಲಿ ಅಲ್ಲಿ ಒಬ್ಬರೂ ಒಂದು ಪ್ರಿಂಟ್ ತೆಗೆದಿರಲಿಲ್ಲ! ಪರದೆಯ ಮೇಲೆ ಜೂಮ್ ಮಾಡಿದರೆ ಎಲ್ಲ ಕಾಣುತ್ತದಲ್ಲ.

ಕಾಕಾ ಹಾಳೆ ನೋಡಿ, "ಏನವಾ ಇದು, ಇರುವಿ ಹರದಾಡಿದಂಗ ಐತಿ" ಅಂದ. ಅಂಕಿ ಕಾಣಲಿಲ್ಲ, 1:5 ಕಂಡಿತು. ಟೇಪು ಇಟ್ಟ, ಐದರಿಂದ ಗುಣಿಸಿದ, ಕೊಯ್ದ. ಬಂದದ್ದು 32 ಸೆಂಟಿಮೀಟರ್ ಎತ್ತರದ ಸ್ಟೂಲು. ಕೂರುವ ಹಲಗೆ 21 ಸೆಂಟಿಮೀಟರ್. ಎಲ್ಲವೂ ಒಂದೇ ಸಮ ಕುಗ್ಗಿದ್ದರಿಂದ ಚೆಂದವಾಗೇ ಇತ್ತು, ಎಲ್ಲೂ ತಪ್ಪು ಅನ್ನಿಸುತ್ತಿರಲಿಲ್ಲ. ಕೂರಲು ಹೋದಾಗಲೇ ಗೊತ್ತಾಗಿದ್ದು. "ಸಣ್ಣ ಹುಡುಗರಿಗೆ ಮಾಡಸ್ತಿರಬೇಕು ಅನಕೊಂಡೆ ತಂಗೆವ್ವ" ಅಂದ ಕಾಕಾ. ಅವನ ಮೇಲೆ ಸಿಟ್ಟು ಮಾಡುವುದು ಹೇಗೆ? ನಾನೇ ಇಪ್ಪತ್ತು ವರ್ಷದಿಂದ ಪೇಪರ್ ಕಟಿಂಗ್ ಇಟ್ಟುಕೊಂಡು ಬಟ್ಟೆ ಕತ್ತರಿಸುತ್ತಿದ್ದೇನೆ. ಕುಗ್ಗಿಸಿದ ಝೆರಾಕ್ಸ್ ಅಂತ ನನಗೂ ಹೊಳೆಯಲಿಲ್ಲ.

ಆ ಹಾಳೆ ಹಿಡಿದುಕೊಂಡೇ ಮಾಸ್ತರರ ಮನೆಗೆ ಹೋದೆವು. ಅವರು ಬೈಯಲಿಲ್ಲ. ಚಿತ್ರದ ಕೆಳಗೆ ಒಂದು ಪಟ್ಟಿ ಎಳೆದು ಭಾಗ ಮಾಡಿ, "ಇದು 100, ಇದು 200 ಮಿಲಿಮೀಟರ್ ಅಂತ ಬರೆದಿಡು. ಕಾಗದ ಕುಗ್ಗಿದರೆ ಪಟ್ಟಿಯೂ ಕುಗ್ಗುತ್ತೆ, ಲೆಕ್ಕ ತಪ್ಪಲ್ಲ" ಅಂದರು. ಭೂಪಟದ ಕೆಳಗೆ ಇರುತ್ತದಲ್ಲ, ಅದೇ. ಎರಡನೇ ಮಾತು: ಬರೆದ ಅಂಕಿ ಓದಬೇಕು, ಚಿತ್ರದ ಮೇಲೆ ಟೇಪು ಇಡಬಾರದು. ಆರು ಸಾವಿರಕ್ಕೆ ಸಿಗದ್ದು ಐದು ನಿಮಿಷದಲ್ಲಿ ಸಿಕ್ಕಿತು.

ಅಲ್ಲಿ ಮೊದಲ ವಾರ ಬರೀ ಗೆರೆ ಮತ್ತು ಅಕ್ಷರ. 2ಎಚ್ ಪೆನ್ಸಿಲ್ಲಿನಲ್ಲಿ ತೆಳುವಾಗಿ ಎರಡು ಗೆರೆ, ಅದರ ನಡುವೆ ಅಂಕಿ. ಮಗಳಿಗೆ ಬೇಜಾರಾಗಿ ಮುಖ ಊದಿಸಿಕೊಂಡಿದ್ದಳು. ಮೂರನೇ ವಾರ ಒಂದು ಕಟ್ಟಿಗೆಯ ತುಂಡು ಕೊಟ್ಟು ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ಬಿಡಿಸು ಅಂದರು. ಮೇಲಿನ ನೋಟವನ್ನು ಇವಳು ಮೇಲೆ ಬಿಡಿಸಿದಳು, ಮೊಬೈಲ್ ವಿಡಿಯೋದಲ್ಲಿ ಹಾಗೇ ಇತ್ತಂತೆ. ಅದು ಅಮೆರಿಕದವರು ಬಳಸುವ ಥರ್ಡ್ ಆ್ಯಂಗಲ್ ಪದ್ಧತಿ. ನಮ್ಮಲ್ಲಿ ಫಸ್ಟ್ ಆ್ಯಂಗಲ್, ಮೇಲಿನ ನೋಟ ಮುಂದಿನ ನೋಟದ ಕೆಳಗೆ ಬರಬೇಕು. ಶಾಲೆ-ಕಾಲೇಜುಗಳ ಡ್ರಾಯಿಂಗಿಗೆ ಭಾರತೀಯ ಮಾನಕ ಬ್ಯೂರೋದ ಎಸ್‌ಪಿ 46 ಅಂತ ಒಂದು ಪುಸ್ತಕವೇ ಇದೆ. ಮಾಸ್ತರರು ಮಾತೆತ್ತಿದರೆ ಅದನ್ನೇ ತೆಗೆಯುತ್ತಾರೆ.

ಅಲ್ಲಿನ ಕೊರತೆ? ನಿಧಾನ. ಬೋರ್ಡಿಗೆ ಸಿಕ್ಕಿಸಿ ಗೆರೆ ಎಳೆಯುವ ಮಿನಿ ಡ್ರಾಫ್ಟರ್‌ನ ತಿರುಪು ಸಡಿಲವಾಗುತ್ತದೆ. ಸಂಜೆಯ ಚಿಗರಿ ಬಸ್ಸಿನಲ್ಲಿ ಡ್ರಾಯಿಂಗ್ ಬೋರ್ಡ್ ಹಿಡಿದು ನಿಲ್ಲುವುದು ಆಗದ ಮಾತು, ಬೋರ್ಡನ್ನು ಅಲ್ಲೇ ಬಿಟ್ಟು ಬರುತ್ತಾಳೆ.

ಕಾಕಾನ ಶೆಡ್ಡಿಗೆ ಭಾನುವಾರ ಮಾತ್ರ. ಫೀಸು ಇಲ್ಲ, ಚಹಾ-ಚುರುಮುರಿ ಕಳಿಸುತ್ತೇನೆ. ಮಷೀನು ಮುಟ್ಟಿಸುವುದಿಲ್ಲ. ಗರಗಸ, ಉಳಿ, ಹತ್ತರಿ, ಮೂಲೆಮಟ್ಟ, ಅಷ್ಟೇ. ಅವನ ಲೆಕ್ಕ ಇಂಚು ಮತ್ತು ಸೂತ; ಎಂಟು ಸೂತಕ್ಕೆ ಒಂದು ಇಂಚು. 450 ಮಿಲಿಮೀಟರ್ ಅಂದರೆ "ಹದಿನೇಳು ಇಂಚು ಆರು ಸೂತ" ಅಂತ ಬಾಯಲ್ಲೇ ಹೇಳುತ್ತಾನೆ. ಗರಗಸದ ಹಲ್ಲು ತಿನ್ನುವ ಕಟ್ಟಿಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು ಅಂತ ಮಗಳಿಗೆ ಗೊತ್ತಾಗಿದ್ದು ಅಲ್ಲೇ. ಹೊಲಿಗೆಗೆ ನಾವು ಬಟ್ಟೆ ಜಾಸ್ತಿ ಬಿಡುತ್ತೇವಲ್ಲ, ಹಾಗೆ. ಆದರೆ ಇದನ್ನು ಕ್ಲಾಸು ಅನ್ನಲಾಗದು. ಯಾರದೋ ಮನೆ ಬಾಗಿಲು-ಚೌಕಟ್ಟಿನ ಕೆಲಸ ಬಂದರೆ ಮೂರು ವಾರ ಕಾಕಾ ಸಿಗುವುದಿಲ್ಲ.

ನನ್ನ ಲೆಕ್ಕ ಹೀಗೆ. ಮಾಸ್ತರರಿಗೆ ತಿಂಗಳಿಗೆ 1,500, ಬಸ್ ಖರ್ಚು ಬೇರೆ. ಆರೇಳು ಬ್ಲೌಸ್ ಜಾಸ್ತಿ ಹೊಲಿದರೆ ಆಯಿತು. ಆರ್ಕಿಟೆಕ್ಚರ್‌ಗೆ ಬರೆಯುವ ನಾಟಾ ಪರೀಕ್ಷೆಯಲ್ಲೂ ಕೈಯಿಂದ ಬಿಡಿಸುವ ಭಾಗ ಇದೆ, ಆ ಲೆಕ್ಕಕ್ಕೂ ಬೋರ್ಡೇ ಸರಿ. ಕಂಪ್ಯೂಟರ್ ಬೇಡ ಅಂತಲ್ಲ. ಒಂದು ಗೆರೆ ತಪ್ಪಿದರೆ ಇಡೀ ಹಾಳೆ ಹೊಲಸಾಗುವುದಿಲ್ಲ, ಅದು ದೊಡ್ಡ ಸುಖ. ಆದರೆ ಅದು ಡಿಪ್ಲೊಮಾದಲ್ಲಿ ಹೇಗೂ ಬರುತ್ತದೆ. ಅಲ್ಲಿವರೆಗೆ ಹಳೇ ಲ್ಯಾಪ್‌ಟಾಪಿಗೆ ಪುಕ್ಕಟೆ ಸಿಗುವ, ನಕ್ಷೆ ಬಿಡಿಸುವ ಲಿಬ್ರೆಕ್ಯಾಡ್ ಹಾಕಿಕೊಟ್ಟಿದ್ದೇನೆ. ನೀವು ಕಂಪ್ಯೂಟರ್ ಕ್ಲಾಸಿಗೇ ಸೇರಿಸುವುದಾದರೆ, ದುಡ್ಡು ಕಟ್ಟುವ ಮೊದಲು ಒಂದೇ ಮಾತು ಕೇಳಿ: ಸ್ಕೇಲಿಗೆ ಸರಿಯಾಗಿ ಪ್ರಿಂಟ್ ತೆಗೆಯುವುದನ್ನು ಕಲಿಸುತ್ತೀರಾ?

ದಸರೆ ರಜೆಯಲ್ಲಿ ಎರಡನೇ ಸ್ಟೂಲು ಆಯಿತು. ಈ ಸಲ ಹಾಳೆ ಕೈಯಿಂದ ಬಿಡಿಸಿದ್ದು, ಅಂಕಿಗಳು ಕಾಕಾನಿಗೆ ಕನ್ನಡಕ ಇಲ್ಲದೆಯೂ ಕಂಡವು. ಒಂದು ಕಾಲು ಒಂದು ಸೂತ ಗಿಡ್ಡ ಬಂದಿದೆ, ಅದು ಮಗಳೇ ಕೊಯ್ದದ್ದು. ಕೆಳಗೆ ರಟ್ಟು ಮಡಚಿ ಇಟ್ಟು ಹೊಲಿಯುತ್ತಿದ್ದೇನೆ. ಮೊದಲನೆಯದರ ಮೇಲೆ ಮನಿಪ್ಲಾಂಟ್ ಕುಂಡ ಇದೆ.