ಬಿಲ್ಲೆ ಡಬ್ಬಿಗಿಂತ ಹಳೇ ಲಗ್ನಪತ್ರಿಕೆಯೇ ವಾಸಿ

ಪದ ಕಟ್ಟುವ ಆಟಕ್ಕೆಂದು 749 ರೂಪಾಯಿ ಕೊಟ್ಟು ತರಿಸಿದ ಕನ್ನಡ ಅಕ್ಷರದ ಬಿಲ್ಲೆಗಳ ಡಬ್ಬಿ ಈಗ ಅಟ್ಟದ ಮೇಲೆ, ಒಡೆದ ಮಿಕ್ಸಿ ಜಾರಿನ ಪಕ್ಕದಲ್ಲಿದೆ. ಹಳೇ ಲಗ್ನಪತ್ರಿಕೆ ಕತ್ತರಿಸಿ ಮಾಡಿಕೊಂಡ ಚೀಟಿಗಳು ಮಾತ್ರ ಊಟದ ಮೇಜು ಬಿಟ್ಟು ಕದಲಿಲ್ಲ. ಯಾವುದು ಗೆದ್ದಿತು ಅಂತ ಕೊನೆಯವರೆಗೆ ಮುಚ್ಚಿಡುವ ಗೋಜು ನನಗೆ ಬೇಡ.

ಏಳು ಅಕ್ಷರ ಕೊಟ್ಟು ಅದರಲ್ಲೇ ಪದ ಕಟ್ಟುವ ಹುಚ್ಚು ಹತ್ತಿದ್ದು ಮೊಬೈಲಿನಿಂದ. ನ್ಯೂಯಾರ್ಕ್ ಟೈಮ್ಸ್‌ನವರ ಸ್ಪೆಲ್ಲಿಂಗ್ ಬೀ. ಜೇನುಗೂಡಿನ ಹಾಗೆ ಏಳು ಕೋಣೆ. ನಡುವಿನ ಅಕ್ಷರ ಪ್ರತಿ ಪದದಲ್ಲೂ ಬರಲೇಬೇಕು. ಪದಕ್ಕೆ ಕನಿಷ್ಠ ನಾಲ್ಕು ಅಕ್ಷರ. ಏಳನ್ನೂ ಬಳಸಿದ ಪದ ಸಿಕ್ಕರೆ ಏಳು ಅಂಕ ಜಾಸ್ತಿ. ಅಲ್ಲಿಯ ಬೆಳಗಿನ ಜಾವ ಮೂರಕ್ಕೆ ಹೊಸ ಆಟ ಬರುತ್ತದೆ. ಅಂದರೆ ನಮಗೆ ಮಧ್ಯಾಹ್ನ ಹನ್ನೆರಡೂವರೆ, ಅವರ ಚಳಿಗಾಲದಲ್ಲಿ ಒಂದೂವರೆ. ಆಫೀಸಿನಲ್ಲಿ ಬುತ್ತಿ ಬಿಚ್ಚುವ ಹೊತ್ತಿಗೆ ಸರಿಯಾಗಿ. ಎರಡು ವರ್ಷ ಬಿಡದೆ ಆಡಿದೆ. ಒಟ್ಟು ಅಂಕದಲ್ಲಿ ನೂರಕ್ಕೆ ಎಪ್ಪತ್ತು ತೆಗೆದರೆ 'ಜೀನಿಯಸ್' ಪಟ್ಟ. ನನಗದು ಬೆರಳೆಣಿಕೆಯಷ್ಟು ಸಲ ಸಿಕ್ಕಿದೆ. ಆಟದಲ್ಲಿ ಕೊರತೆ ಏನಿಲ್ಲ, ಕೊರತೆ ನನ್ನ ಇಂಗ್ಲಿಷಿನದು. ಗೊತ್ತಿರುವ ಪದ ಮುಗಿದ ಮೇಲೆ ಸುಮ್ಮನೆ ಅಕ್ಷರ ಜೋಡಿಸಿ ಒತ್ತಿ ನೋಡುವುದು, ಹೊಡೆದರೆ ಹೊಡೆಯಿತು ಎಂಬಂತೆ. ಸಿಕ್ಕ ಪದದ ಅರ್ಥವೂ ತಿಳಿಯದೆ ಅಂಕ ಬಂದಾಗ ಖುಷಿಗಿಂತ ನಾಚಿಕೆಯೇ ಹೆಚ್ಚು.

ಹಲಗೆಯ ಮೇಲೆ ಇಂಗ್ಲಿಷ್ ಅಕ್ಷರದ ಬಿಲ್ಲೆ ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಮನೆಯಲ್ಲಿದೆ, ಚೆನ್ನಾಗಿಯೂ ಇದೆ. ಆದರೆ ಅದಕ್ಕೆ ಜನ ಕೂಡಬೇಕು, ಒಂದು ಗಂಟೆ ಬೇಕು. ನನ್ನ ಹತ್ತಿರ ಇರುವುದು ರಾತ್ರಿ ಊಟವಾಗಿ ಅಡುಗೆಮನೆ ಒರೆಸುವ ಮುಂಚಿನ ಇಪ್ಪತ್ತು ನಿಮಿಷ.

ದೀಪಾವಳಿ ಕಳೆದು ಅಪ್ಪಯ್ಯ ಕಣ್ಣಿನ ಪೊರೆ ಆಪರೇಷನ್ನಿಗೆಂದು ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗಕ್ಕೆ ನಮ್ಮನೆಗೆ ಬಂದರು. ಮೂವತ್ತಾರು ವರ್ಷ ಪ್ರೈಮರಿ ಶಾಲೆ ಮೇಷ್ಟರಾಗಿದ್ದವರು. ಆಪರೇಷನ್ ಆದ ಮೇಲೆ ಮೊಬೈಲು ನೋಡಬೇಡಿ ಅಂದಿದ್ದರು ಡಾಕ್ಟರು. ಕಣ್ಣು ಚೇತರಿಸಿಕೊಂಡ ಮೇಲೆ ದಪ್ಪ ಅಕ್ಷರದ ಆಟ ಏನಾದರೂ ಇರಲಿ ಅಂತ ನೆಟ್ಟಿನಲ್ಲಿ ಹುಡುಕಿ ಆ ಡಬ್ಬಿ ತರಿಸಿದೆ. ಹೆಸರು ಹೇಳುವುದಿಲ್ಲ.

ಡಬ್ಬಿ ಬಿಚ್ಚಿದ ದಿನದ ಕಥೆ ಸ್ವಲ್ಪ ಉದ್ದ. ಮರದ ಬಿಲ್ಲೆಗಳೇನೋ ನುಣುಪಾಗಿದ್ದವು, ಅಂಚು ತಿಕ್ಕಿ ಮಟ್ಟ ಮಾಡಿದ್ದರು. ಸ್ವರ, ವ್ಯಂಜನ ಎಲ್ಲ ಸರಿ. ಕಾಗುಣಿತದ ಚಿಹ್ನೆಗಳು ಮಾತ್ರ ಬೇರೆ ಬಿಲ್ಲೆ. ಒಂದನ್ನು ಎತ್ತಿ ನೋಡಿದರೆ ಚುಕ್ಕಿ ಚುಕ್ಕಿಯ ಬಳೆ, ಅದರ ತಲೆ ಮೇಲೆ ಗುಡಿಸು. ಕಂಪ್ಯೂಟರಿನಲ್ಲಿ ಅಕ್ಷರ ಒತ್ತದೆ ಬರೀ ಗುಡಿಸು ಒತ್ತಿದರೆ ಬರುತ್ತದಲ್ಲ, ಅದೇ ಖಾಲಿ ಬಳೆ. ಅದನ್ನು ಹಾಗೇ ಮರದ ಮೇಲೆ ಅಚ್ಚು ಹಾಕಿಸಿಬಿಟ್ಟಿದ್ದಾರೆ. ಅಪ್ಪಯ್ಯ ಅದನ್ನು ಬೆಳಕಿಗೆ ಹಿಡಿದು, "ಇದ್ಯಾವ ಅಕ್ಷರವೇ? ನಾನು ಕಲಿಸಿದ್ದರಲ್ಲಿ ಇರಲಿಲ್ಲ" ಅಂದರು.

ಸರಿ, ಆಡೋಣ ಅಂತ 'ಕೆರೆ' ಬರೆಯಲು ಹೊರಟೆ. ಕ ಪಕ್ಕದಲ್ಲಿ ಎತ್ವದ ಬಿಲ್ಲೆ ಇಟ್ಟರೆ ಅದು ಕೆ ಆಗುವುದಿಲ್ಲ. ಕ ಮೇಲಿನ ತಲೆಕಟ್ಟು ಹಾಗೇ ಕೂತಿರುತ್ತದೆ, ಪಕ್ಕದಲ್ಲಿ ಖಾಲಿ ಬಳೆ ಎತ್ವ ಹೊತ್ತು ನಿಂತಿರುತ್ತದೆ. ಎರಡಕ್ಷರದ ಕೆರೆಗೆ ನಾಲ್ಕು ಬಿಲ್ಲೆ, ಓದಿದರೆ ಕೆರೆಯೇ ಕಾಣುವುದಿಲ್ಲ.

ಇನ್ನು ಒತ್ತಕ್ಷರ. ಡಬ್ಬಿಯಲ್ಲಿ ಒಂದೇ ಒಂದು ಒತ್ತೂ ಇರಲಿಲ್ಲ. ಬದಲಿಗೆ ಅರ್ಧಾಕ್ಷರದ ಕೊಕ್ಕೆ ಹಾಕಿದ ಬಿಲ್ಲೆ ಕೊಟ್ಟಿದ್ದರು. 'ಅಮ್ಮ' ಬರೆಯಬೇಕಾದರೆ ಅ, ಮ, ಕೊಕ್ಕೆ, ಮತ್ತೆ ಮ. ಕಂಪ್ಯೂಟರು ಅಕ್ಷರ ಕೂಡಿಡುವ ಯೂನಿಕೋಡ್ ಪದ್ಧತಿಯಲ್ಲಿ ಅಮ್ಮನನ್ನು ಹೀಗೇ ಜೋಡಿಸಿಡುವುದು, ನಿಜ. ಅಲ್ಲಿ 'ಸ್ತ್ರೀ'ಗೆ ಆರು ಸಂಕೇತ ಬೇಕು. ಆದರೆ ಅದು ಯಂತ್ರದ ಲೆಕ್ಕ. ಪೇಪರಿನ ಪದಬಂಧ ಬಿಡಿಸುವ ಯಾರನ್ನಾದರೂ ಕೇಳಿ, ಸ್ತ್ರೀಗೆ ಒಂದೇ ಮನೆ. "ಅಮ್ಮನಿಗೆ ನಾಲ್ಕು ಅಕ್ಷರ ಎಲ್ಲಿಂದ ಬಂತೇ? ಅ ಗುರು, ಮ್ಮ ಲಘು, ಎರಡೇ" ಅಂತ ಅಪ್ಪಯ್ಯ ಮೇಜಿನ ಮೇಲೆ ಬೆರಳಲ್ಲಿ ಪ್ರಸ್ತಾರ ಹಾಕಿ ತೋರಿಸಿದರು. ಕನ್ನಡದಲ್ಲಿ ಒತ್ತಿಲ್ಲದೆ ಅಮ್ಮ ಇಲ್ಲ, ಅಕ್ಕ ಇಲ್ಲ, ಅನ್ನ ಇಲ್ಲ, ಬೆಲ್ಲ ಇಲ್ಲ, ಕೊನೆಗೆ ಕನ್ನಡವೂ ಇಲ್ಲ. ಇಷ್ಟು ಸಾಲದೆಂದು ಙ ಎರಡು ಬಿಲ್ಲೆ, ಲ ಕೂಡ ಎರಡೇ ಬಿಲ್ಲೆ! ಸ್ಕ್ರ್ಯಾಬಲ್ ಕಟ್ಟಿದ ಆಲ್ಫ್ರೆಡ್ ಬಟ್ಸ್ ಪತ್ರಿಕೆಯ ಪುಟ ಹರಡಿಕೊಂಡು ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಅಂತ ಎಣಿಸಿದ್ದನಂತೆ. ಇವರು ಗೋಡೆಗೆ ನೇತುಹಾಕುವ ವರ್ಣಮಾಲೆಯ ಪಟ ನೋಡಿ ಸಮನಾಗಿ ಹಂಚಿದ ಹಾಗಿತ್ತು. ವಾಪಸು ಕೊಡುವ ವಾರದ ಗಡುವು ಆಸ್ಪತ್ರೆ ಓಡಾಟದಲ್ಲಿ ಮುಗಿದುಹೋಗಿತ್ತು.

ಹಾಗಾಗಿ ಚೀಟಿ. ಮೈದುನನ ಮದುವೆಯ ಲಗ್ನಪತ್ರಿಕೆ ನಲವತ್ತು ಉಳಿದಿದ್ದವು. ದಪ್ಪ ಕಾಗದ, ಒಳಗಿನ ಒಂದು ಮೈ ಪೂರ್ತಿ ಖಾಲಿ. ಕತ್ತರಿಸಿ ಸ್ಕೆಚ್ ಪೆನ್ನಿನಲ್ಲಿ ಬರೆದೆ.

ಮೊದಲು ಮಾಡಿದ ನಿಯಮ ಬಿಗಿಯಾಗಿತ್ತು: ಚೀಟಿಯಲ್ಲಿ ಇದ್ದ ಅಕ್ಷರ ಇದ್ದ ಹಾಗೇ. ಕ, ಗ, ತ, ನ, ಮ, ರ, ಲ ಇಟ್ಟೆವು. ಕಮಲ, ನಗರ, ಗಗನ, ಕನಕ, ಮರ, ಮರಕತ ಬಂದವು. ಒಂದನೇ ಕ್ಲಾಸಿನ ಪುಸ್ತಕದ ಕಾಗುಣಿತ ಶುರುವಾಗುವ ಮುಂಚಿನ ಪಾಠ ಓದಿದಂತಾಯಿತು. ಅಚ್ಚಗನ್ನಡ ಪದ ಹೆಚ್ಚಾಗಿ ಮುಗಿಯುವುದು ಉಕಾರದಲ್ಲಿ, ಎಕಾರದಲ್ಲಿ, ಇಕಾರದಲ್ಲಿ. ಕಾಲು, ಎಲೆ, ಇಲಿ ಯಾವುದಕ್ಕೂ ಅಲ್ಲಿ ಜಾಗವಿಲ್ಲ. ಮರುದಿನ ಕಾಗುಣಿತ ಸೇರಿಸಿ ಕು, ಗೆ, ನಿ, ರು, ಲಿ, ಮ, ತ್ತು ಇಟ್ಟೆವು. ಮರು, ಕುರು, ಮತ್ತು, ಕುತ್ತು. ಅಲ್ಲಿಗೆ ನನ್ನದು ಖಾಲಿ. ಅಪ್ಪಯ್ಯ ತುಂಬ ಹೊತ್ತು ಕೂತು "ಮಗೆ" ಅಂದರು. ಮಗೆಕಾಯಿ ಹುಳಿ ತಿಂದವರಿಗೆ ಮಾತ್ರ ಹೊಳೆಯುವ ಪದ, ಒಪ್ಪಿಕೊಂಡೆ. ಆದರೆ 34 ವ್ಯಂಜನಕ್ಕೆ 13 ಸ್ವರ ಕೂಡಿದರೆ 442 ಗುಣಿತಾಕ್ಷರ, ಒತ್ತು ಬಿಟ್ಟು. ಅದರಲ್ಲಿ ಏಳು ಹೆಕ್ಕಿ ಆಡು ಅಂದರೆ ಯಾರ ಹತ್ತಿರ ಆಗುತ್ತದೆ?

ಮೂರನೇ ದಿನ ಸಡಿಲ ಮಾಡಿದೆವು. ಚೀಟಿಯಲ್ಲಿ ಬರೀ ಏಳು ವ್ಯಂಜನ. ಸ್ವರ, ಕಾಗುಣಿತ ಎಲ್ಲ ಬಿಟ್ಟಿ. ಒತ್ತು ಬೇಕಾದರೆ ಆ ಏಳರಿಂದಲೇ ತರಬೇಕು, ಒಂದೇ ಅಕ್ಷರ ಎಷ್ಟು ಸಲವಾದರೂ ಬರಬಹುದು, ಒಂದು ಅಕ್ಷರ ಕಡ್ಡಾಯ. ಅಂಕ ಎಷ್ಟು ಬೇರೆ ಬೇರೆ ಚೀಟಿ ಬಳಸಿದೆವೋ ಅಷ್ಟು. ಅರ್ಕಾವತ್ತಿನ ತಕರಾರೂ ಇದರಲ್ಲೇ ತೀರಿತು: 'ಸೂರ್ಯ'ದಲ್ಲಿ ಚಿಹ್ನೆ ಯಾವ ಪಕ್ಕ ಬಂದರೇನು, ಸ, ರ, ಯ ಇದ್ದರೆ ಸಾಕು. ಅವತ್ತಿನಿಂದ ಆಟ ನಿಂತಿಲ್ಲ.

ತೊಂದರೆ ಇಲ್ಲವೇ ಅಂದರೆ, ಇದೆ. ವಿಭಕ್ತಿ ಪ್ರತ್ಯಯ. ಪಾತ್ರೆ ಬರೆದವರು ಪಾತ್ರೆಗೆ, ಪಾತ್ರೆಗಾಗಿ ಅಂತ ಸಾಲು ಹಚ್ಚಿದರೆ ರಾತ್ರಿ ಕಳೆದೀತು. ಆ ಜೇನುಗೂಡಿನ ಆಟದಲ್ಲಿ, ಪದದ ಕೊನೆಗೆ ಹಚ್ಚಿದರೆ ಬಹುವಚನವಾಗುವ ಎಸ್ ಅಕ್ಷರವನ್ನೇ ಹೊರಗಿಟ್ಟಿರುವುದು ಯಾಕೆ ಅಂತ ನನಗೆ ಆಗ ತಿಳಿಯಿತು. ನಾವು ಹಾಗೆ ಹೊರಗಿಡಲು ಹೊರಟರೆ ಗ, ಲ, ನ, ದ ಎಲ್ಲ ಹೋಗಬೇಕಾಗುತ್ತದೆ. ನಿಘಂಟಿನಲ್ಲಿ ತಾನಾಗಿ ನಿಂತ ಪದ ಮಾತ್ರ ಅಂತ ಮಾಡಿಕೊಂಡೆವು. ಸಾಹಿತ್ಯ ಪರಿಷತ್ತಿನ ಸಂಕ್ಷಿಪ್ತ ನಿಘಂಟು ಪಕ್ಕದಲ್ಲೇ ಇರುತ್ತದೆ.

ಸೊನ್ನೆಯ ಜಗಳ ಇನ್ನೂ ಬಗೆಹರಿದಿಲ್ಲ. 'ಕೆಂಪು' ಬರೆದರೆ ಅಪ್ಪಯ್ಯ ಮ ಚೀಟಿ ಎಲ್ಲಿ ಅನ್ನುತ್ತಾರೆ, ಪ ಮುಂದೆ ಬಂದಾಗ ಸೊನ್ನೆ ನುಡಿಯುವುದು ಮ್ ಆಗಿ ಅಂತ. ಬರೆಯುವಾಗ ಸೊನ್ನೆಯೇ ತಾನೇ ಅನ್ನುವುದು ನನ್ನ ವಾದ. ಸದ್ಯಕ್ಕೆ ಅವರು ಆಟ ಕಟ್ಟಿದ ದಿನ ಅವರ ನಿಯಮ, ನಾನು ಕಟ್ಟಿದ ದಿನ ನನ್ನದು.

ಆಟ ಕಟ್ಟುವುದೂ ಸುಲಭವಲ್ಲ. ಏಳೂ ಬೇರೆ ಬೇರೆ ವ್ಯಂಜನ ಇರುವ ಒಂದು ಪದವನ್ನು ಮೊದಲು ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು. ಕರ್ನಾಟಕ ನೋಡಲು ಉದ್ದ, ವ್ಯಂಜನ ನಾಲ್ಕೇ. ನಾನು ಎರಡು ದಿನ ತಲೆ ಕೆರೆದುಕೊಂಡು 'ವಿದ್ಯಾರ್ಥಿನಿಲಯ' ಹುಡುಕಿದೆ: ವ, ದ, ಯ, ರ, ಥ, ನ, ಲ. ಥ ಕಂಡ ಕೂಡಲೇ ಮೇಷ್ಟರು ಎರಡು ನಿಮಿಷದಲ್ಲಿ ಹಿಡಿದುಬಿಟ್ಟರು.

ಯಾರಿಗೆ ಯಾವುದು ಅಂದರೆ: ಒಬ್ಬರೇ ಕೂತು ಆಡುವವರು, ಇಂಗ್ಲಿಷ್ ಚೆನ್ನಾಗಿ ಓದಿಕೊಂಡವರು, ಸ್ವಲ್ಪ ದೂರ ಹೋದ ಮೇಲೆ ಚಂದಾ ಕೇಳಿದರೆ ಕೊಡಬಲ್ಲವರು ಆ ಜೇನುಗೂಡೇ ಇಟ್ಟುಕೊಳ್ಳಲಿ. ಜನ ತುಂಬಿದ ಮನೆಗೆ ಸ್ಕ್ರ್ಯಾಬಲ್. ಕನ್ನಡ ಬಿಲ್ಲೆ ಡಬ್ಬಿ ಕೊಳ್ಳುವುದಾದರೆ, ಒತ್ತಕ್ಷರಕ್ಕೆ ಏನು ಮಾಡಿದ್ದಾರೆ ಅಂತ ಚಿತ್ರದಲ್ಲಿ ದೊಡ್ಡದು ಮಾಡಿ ನೋಡಿ, ಖಾಲಿ ಬಳೆ ಕಂಡರೆ ಮುಂದೆ ಹೋಗಿ. ನಮಗೆ ಚೀಟಿ ಸಾಕು. ಕರೆಂಟು ಹೋದರೂ ಮೇಣದ ಬತ್ತಿಯಲ್ಲಿ ನಡೆಯುತ್ತದೆ, ಕಳೆದರೆ ಇನ್ನೊಂದು ಪತ್ರಿಕೆ ಕತ್ತರಿಸಿದರಾಯಿತು.

ಮೊನ್ನೆ ಅಪ್ಪಯ್ಯ ಇಟ್ಟದ್ದು ಲ, ಗ, ನ, ಪ, ತ, ರ, ಕ, ಪ ಕಡ್ಡಾಯ. ಪತ್ರ, ಪಾತ್ರೆ, ಪಾನಕ, ಪೊರಕೆ, ಪಲ್ಲಕ್ಕಿ, ಗೋಪುರ, ಕಲ್ಪನೆ, ಪುರಾತನ ಬರೆದೆ. 'ಕೃಪೆ'ಯಲ್ಲಿ ವಟ್ರಸುಳಿ ಸ್ವರ, ಅದಕ್ಕೆ ರ ಲೆಕ್ಕವಿಲ್ಲ ಅಂತ ಒಂದು ಅಂಕ ಕಡಿದರು. 'ಪಾತರಗಿತ್ತಿ' ಸಿಕ್ಕಾಗ ಏಳೂ ಬಂತೆಂದುಕೊಂಡೆ, ಎಣಿಸಿದರೆ ನಾಲ್ಕು. ಏಳರ ಪದ ಮಾತ್ರ ಬರಲೊಲ್ಲದು. ಇಪ್ಪತ್ತು ನಿಮಿಷ ಕಳೆದು ನಲವತ್ತಾಯಿತು, ಅಡುಗೆಮನೆ ಹಾಗೇ ಬಿದ್ದಿತ್ತು.

"ಚೀಟಿ ಮಗುಚಿ ನೋಡೇ" ಅಂದರು ಕೊನೆಗೆ.

ಮಗುಚಿದೆ. ಅರಿಶಿನ ಬಣ್ಣದ ಅಂಚು, ಗಣಪತಿಯ ಅರ್ಧ ಕಿವಿ, ಮೈದುನನ ಹೆಸರಿನ ಮೊದಲಕ್ಷರ.