ಮೊಮ್ಮಗಳ ಬಲಗೈ ವಿಚಾರವಾಗಿ ಹಾಸನದ ವಕೀಲರೊಬ್ಬರಿಂದ ಪಡೆದ ಸಲಹೆ

ಹೆರಿಗೆಯ ಸಮಯದಲ್ಲಿ ಮಗುವಿನ ತೋಳಿನ ನರಗಳಿಗೆ ಪೆಟ್ಟಾದರೆ ಕಾನೂನಿನಲ್ಲಿ ಏನು ದಾರಿ ಇದೆ ಎಂದು ಕೇಳಲು, ಹಾಸನದ ನ್ಯಾಯಾಲಯದ ಸಮೀಪ ಕಚೇರಿ ಇಟ್ಟುಕೊಂಡಿರುವ ಮಹಿಳಾ ವಕೀಲರೊಬ್ಬರನ್ನು ನಾವು ಮೂರು ಬಾರಿ ಕಂಡಿದ್ದೇವೆ. ವಕೀಲರು ಪ್ರಚಾರ ಪಡೆಯುವುದನ್ನು ವಕೀಲರ ಪರಿಷತ್ತಿನ ನಿಯಮ ಒಪ್ಪುವುದಿಲ್ಲವಾದ್ದರಿಂದ ಅವರ ಹೆಸರನ್ನು ಬರೆಯುತ್ತಿಲ್ಲ. ಇಂಥ ಸಲಹೆಗೆ ಹೋದವರು ಏನನ್ನು ಕೇಳಿ ಪಡೆಯಬಹುದು ಎಂಬುದು ತಿಳಿಯಲಿ ಎಂದಷ್ಟೇ ಈ ಬರಹ.

ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ನನ್ನ ಮಗಳಿಗೆ ಬಸುರಿಯಾಗಿದ್ದಾಗ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತ್ತು. ಕೂಸಿನ ತೂಕ 4.2 ಕಿಲೋ. ತಲೆ ಹೊರಬಂದ ಮೇಲೆ ಭುಜ ಸಿಕ್ಕಿಕೊಂಡಿತು. ಮನೆಗೆ ಬಂದ ಮೇಲೆ, ನೀರೆರೆಯಲು ಬರುತ್ತಿದ್ದ ಅಜ್ಜಿ ಒಂದು ಬೆಳಿಗ್ಗೆ ನನ್ನ ಹೆಂಡತಿಯನ್ನು ಕರೆದು ತೋರಿಸಿದರು: ಕೂಸು ಬೆಚ್ಚಿದಾಗ ಎಡಗೈ ಮಾತ್ರ ಮೇಲೇಳುತ್ತಿತ್ತು, ಬಲಗೈ ಮೈಗೆ ಅಂಟಿ, ಅಂಗೈ ಹಿಂದಕ್ಕೆ ತಿರುಗಿ ಹಾಗೆಯೇ ಬಿದ್ದಿರುತ್ತಿತ್ತು. ಕುತ್ತಿಗೆಯಿಂದ ತೋಳಿಗೆ ಇಳಿಯುವ ಐದು ನರಬೇರುಗಳ ಜಾಲದಲ್ಲಿ ಮೇಲಿನವು ಎಳೆತಕ್ಕೆ ಸಿಕ್ಕಿವೆ, ಇದಕ್ಕೆ ಎರ್ಬ್ಸ್ ಪಾಲ್ಸಿ ಎನ್ನುತ್ತಾರೆ ಎಂದು ಮಕ್ಕಳ ವೈದ್ಯರು ತಿಳಿಸಿದರು. ಹೆರಿಗೆಯಾದ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದದಲ್ಲಿ ಮಾತ್ರ ಸಹಜ ಹೆರಿಗೆ ಎಂದಷ್ಟೇ ಇತ್ತು. ನನ್ನ ಮಗಳನ್ನು ಇಂದಿಗೂ ನೋಯಿಸುವುದು ಆ ಒಂದು ಸಾಲು.

ಮೊದಲ ಭೇಟಿಯಲ್ಲಿ ವಕೀಲರು ಕಾಗದಗಳನ್ನು ಪಕ್ಕಕ್ಕಿಟ್ಟು, "ಕೂಸನ್ನು ಇಲ್ಲಿ ಮಲಗಿಸಮ್ಮ, ಕೈ ನೋಡೋಣ" ಎಂದರು. ಫಿಸಿಯೋಥೆರಪಿ ಶುರುವಾಗಿದೆಯೇ, ಮೊಣಕೈ ಮಡಿಸುತ್ತಿದೆಯೇ ಎಂದು ವಿಚಾರಿಸಿದರು. ಇಂಥ ಮಕ್ಕಳಲ್ಲಿ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆಂದೂ, ಮೂರು ತಿಂಗಳಾದರೂ ಮೊಣಕೈ ಮಡಿಸದಿದ್ದರೆ ನರಗಳ ಶಸ್ತ್ರಚಿಕಿತ್ಸಕರಿಗೆ ತೋರಿಸಲು ತಡಮಾಡಬಾರದೆಂದೂ ನಮ್ಮ ವೈದ್ಯರು ಹೇಳಿದ್ದರು. ಅದನ್ನೇ ಎತ್ತಿ ಹಿಡಿದ ವಕೀಲರು, ಕೇಸಿನ ಓಡಾಟಕ್ಕಾಗಿ ಚಿಕಿತ್ಸೆಯ ಒಂದು ದಿನವೂ ತಪ್ಪಬಾರದು ಎಂದರು. ಅವರ ಮೇಲೆ ನನಗೆ ನಂಬಿಕೆ ಹುಟ್ಟಿದ್ದು ಆಗ. ಅದಕ್ಕೂ ಹಿಂದಿನ ವಾರ ಬೇರೊಬ್ಬರು ಮಗುವಿನ ಮುಖವನ್ನೂ ನೋಡದೆ, ಲಕ್ಷಗಟ್ಟಲೆ ಪರಿಹಾರ ಕೊಡಿಸುವುದಾಗಿ ಹೇಳಿ ಅದರಲ್ಲಿ ಪಾಲು ಕೇಳಿದ್ದರು. ಹಾಗೆ ಪಾಲಿಗೆ ಒಪ್ಪಿಕೊಂಡು ಕೇಸು ನಡೆಸುವುದು ವಕೀಲರಿಗೆ ನಿಷಿದ್ಧ ಎಂಬುದು ನಮಗೆ ತಿಳಿದದ್ದು ಇಲ್ಲಿಯೇ. ಇವರು ಭೇಟಿಗೆ 1,000 ರೂಪಾಯಿ ಪಡೆದು ರಸೀದಿ ಕೊಟ್ಟರು.

ಪೆಟ್ಟಾಗಿದೆ ಎಂದ ಮಾತ್ರಕ್ಕೆ ನಿರ್ಲಕ್ಷ್ಯ ಸಾಬೀತಾಗುವುದಿಲ್ಲ ಎಂಬುದನ್ನು ಅವರು ಮೃದುವಾಗಿ, ಆದರೆ ಮುಚ್ಚುಮರೆ ಇಲ್ಲದೆ ಹೇಳಿದರು. ಎಷ್ಟೇ ಜಾಗ್ರತೆ ವಹಿಸಿದರೂ ಭುಜ ಸಿಕ್ಕಿಕೊಳ್ಳಬಹುದು. ಸಕ್ಕರೆ ಕಾಯಿಲೆಯೂ ಮಗುವಿನ ಅಂದಾಜು ತೂಕವೂ ದಾಖಲಾಗಿದ್ದವೇ, ಹೆರಿಗೆಯ ವಿಧಾನದ ಬಗ್ಗೆ ತಾಯಿಯೊಡನೆ ಮೊದಲೇ ಮಾತಾಡಿದ್ದರೇ, ಭುಜ ಸಿಕ್ಕಿದಾಗ ಮಾಡಬೇಕಾದಂತೆ ತಾಯಿಯ ತೊಡೆಗಳನ್ನು ಹೊಟ್ಟೆಯತ್ತ ಮಡಿಸಿದರೇ ಅಥವಾ ಹೊಟ್ಟೆಯ ಮೇಲ್ಭಾಗವನ್ನು ಒತ್ತಿ ತಲೆಯನ್ನು ಜೋರಾಗಿ ಎಳೆದರೇ, ಎಷ್ಟು ನಿಮಿಷ ಹಿಡಿಯಿತು ಎಂಬ ಪ್ರಶ್ನೆಗಳಿಗೆ ಉತ್ತರ ಇರುವುದು ಆಸ್ಪತ್ರೆಯ ಚಿಕಿತ್ಸಾ ದಾಖಲೆಯಾದ ಕೇಸ್ ಶೀಟಿನಲ್ಲಿ. ಲಿಖಿತವಾಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳಲ್ಲಿದೆ. ಅರ್ಜಿಯನ್ನು ಅವರೇ ಬರೆಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬರಲು ಹೇಳಿದರು.

ದುಡ್ಡು ಕೊಟ್ಟು ಪಡೆದ ಸೇವೆಯಾದ್ದರಿಂದ, 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು; ಅದಕ್ಕೆ ಎರಡು ವರ್ಷದ ಗಡುವಿದೆ. ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ನೀಡುವ ಸರ್ಕಾರಿ ಆಸ್ಪತ್ರೆಗಳು ಸುಪ್ರೀಂ ಕೋರ್ಟಿನ 1995ರ ತೀರ್ಪಿನಂತೆ ಈ ವ್ಯಾಪ್ತಿಗೆ ಬರುವುದಿಲ್ಲ, ಅಲ್ಲಿ ಚಿಕಿತ್ಸೆ ಪಡೆದವರು ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕಾಗುತ್ತದೆ. ಕರ್ನಾಟಕ ವೈದ್ಯಕೀಯ ಪರಿಷತ್ತು ವೈದ್ಯರ ಮೇಲೆ ಶಿಸ್ತುಕ್ರಮ ಕೈಗೊಳ್ಳಬಲ್ಲದೇ ಹೊರತು ಪರಿಹಾರ ಕೊಡಿಸುವುದಿಲ್ಲ. ಖರ್ಚು ಕಷ್ಟವಾದರೆ ತಮ್ಮ ಬಳಿಗೇ ಬರಬೇಕೆಂದಿಲ್ಲ, ಹೆಂಗಸರಿಗೂ ಮಕ್ಕಳಿಗೂ ಆದಾಯದ ಮಿತಿ ಇಲ್ಲದೆ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಸಿಗುತ್ತದೆ ಎಂದು ಅದರ ಸಹಾಯವಾಣಿ 15100 ಸಂಖ್ಯೆಯನ್ನೂ ಬರೆದುಕೊಟ್ಟರು.

ಕೊರತೆಗಳೂ ಇವೆ. ಕಚೇರಿ ಮೊದಲ ಮಹಡಿಯಲ್ಲಿದ್ದು, ಹೊಲಿಗೆ ಮಾಗದ ಬಾಣಂತಿಗೆ ಆ ಕಡಿದಾದ ಮೆಟ್ಟಿಲು ಶಿಕ್ಷೆಯೇ ಸರಿ. ಕಲಾಪದ ಹೊತ್ತಿನಲ್ಲಿ ಫೋನ್ ತೆಗೆಯುವವರಿರಲಿಲ್ಲ. ಆಸ್ಪತ್ರೆಗೆ ಕಳುಹಿಸಬೇಕಾದ ನೋಟಿಸಿನ ಕರಡನ್ನು ಇಂಗ್ಲಿಷಿನಲ್ಲಿ ಮಾತ್ರ ಕೊಟ್ಟಿದ್ದರು. ಸಹಿ ಹಾಕಬೇಕಾದವಳು ನನ್ನ ಮಗಳಾದ್ದರಿಂದ ಕನ್ನಡದ ಪ್ರತಿ ಬೇಕೆಂದು ಪಟ್ಟು ಹಿಡಿದೆ, ನಾಲ್ಕು ದಿನದಲ್ಲಿ ಕೊಟ್ಟರು.

ದಾಖಲೆಗಳು ಈಗ ಕೈಗೆ ಬಂದಿದ್ದು, ಅವನ್ನು ಬೇರೊಬ್ಬ ಹೆರಿಗೆ ತಜ್ಞರ ಅಭಿಪ್ರಾಯಕ್ಕೆ ಕಳುಹಿಸಿದ್ದೇವೆ. ಅದು ಬರುವವರೆಗೆ ದೂರು ದಾಖಲಿಸುವುದು ಬೇಡ ಎಂಬುದು ವಕೀಲರ ಸಲಹೆ. ಕೂಸಿಗೆ ಅಂಗಿ ತೊಡಿಸುವಾಗ ಬಲಗೈಯನ್ನು ಮೊದಲು ತೂರಿಸಿ, ಬಿಚ್ಚುವಾಗ ಕೊನೆಗೆ ತೆಗೆಯುವುದು ಮನೆಯವರೆಲ್ಲರಿಗೂ ರೂಢಿಯಾಗಿದೆ. ಹನ್ನೊಂದನೆಯ ವಾರದಲ್ಲಿ ಅವಳು ಮೊಣಕೈ ಮಡಿಸಿದಳು. ಬೆರಳು ಬಾಯಿಗೆ ಮುಟ್ಟಲು ಇನ್ನೂ ಎರಡು ಅಂಗುಲ ಬಾಕಿ ಇದೆ.