ಬರೀ ‘ಹನಿಸಕಲ್’ ಅಂತ ಚೀಟಿ ಇರುವ ಕುಂಡ ತಂದು ನೆಡಬೇಡಿ

ನಾರ್ತ್ ಕ್ಯಾರೊಲಿನಾ, ವರ್ಜೀನಿಯಾ, ಜಾರ್ಜಿಯಾ ಕಡೆ ಹೊಸದಾಗಿ ಮನೆ ತಗೊಂಡು ಹಿತ್ತಲಲ್ಲಿ ಗಿಡ ಹಾಕಲು ಹೊರಟಿರುವ ಕನ್ನಡದವರಿಗೆ ಈ ಮಾತು. ಮಾರ್ಚ್ ಕೊನೆ, ಏಪ್ರಿಲ್ ಹೊತ್ತಿಗೆ ಹೂವಿನ ಮಕರಂದ ಹೀರುವ ಪುಟ್ಟ ಹಕ್ಕಿಗಳಾದ ಹಮ್ಮಿಂಗ್‌ಬರ್ಡ್‌ಗಳು ದಕ್ಷಿಣದಿಂದ ವಾಪಸ್ ಬರುತ್ತವೆ. ನರ್ಸರಿಗಳಲ್ಲಿ ಆ ಹಕ್ಕಿಯ ಚಿತ್ರ ಅಂಟಿಸಿದ ಕುಂಡಗಳೂ ಆಗಲೇ ಸಾಲಾಗಿ ಕೂರುತ್ತವೆ. ಹನಿಸಕಲ್ ಬಳ್ಳಿಯ ಅಂಥದ್ದೊಂದು ಕುಂಡ ನಮ್ಮ ಬೇಲಿಯನ್ನೂ ಪಕ್ಕದ ಮನೆಯ ಮರವನ್ನೂ ಹಾಳುಮಾಡಿತು.

ಅದನ್ನು ಮಾರಿದ, ನಾರ್ತ್ ಕ್ಯಾರೊಲಿನಾದ ರಾಲಿ ಹತ್ತಿರದ ಅಂಗಡಿಯ ಹೆಸರು ಬೇಡ ಬಿಡಿ. ಚೀಟಿಯಲ್ಲಿ ‘ಹನಿಸಕಲ್’ ಅಂತಿತ್ತು, ಕೆಳಗೆ ಹಕ್ಕಿಯ ಚಿತ್ರ, ಅಷ್ಟೇ. ಯಾವ ಜಾತಿ ಅಂತ ಕೇಳಿದ್ದಕ್ಕೆ, ಎಲ್ಲಾ ಒಂದೇ, ಬೇಗ ಹಬ್ಬುತ್ತೆ ಅಂದರು. ಹಬ್ಬುವ ಮಾತೊಂದು ನಿಜವಾಯಿತು. ಹೂ ಬಿಟ್ಟಾಗ ಜೋಡಿ ಜೋಡಿ ಬಿಳಿ ಹೂ, ಒಂದೆರಡು ದಿನಕ್ಕೆ ಹಳದಿಗೆ ತಿರುಗುತ್ತಿತ್ತು. ಸಂಜೆ ಹೊತ್ತು ಹಿತ್ತಲೆಲ್ಲ ಘಮ. ಊರಿಂದ ಬಂದಿದ್ದ ಅತ್ತೆ “ಥೇಟ್ ಜಾಜಿ ಇದ್ದ ಹಾಗಿದೆ ಕಣೇ” ಅಂತ ಮೂಗಿಗೆ ಹಿಡಿದುಕೊಂಡೇ ಓಡಾಡುತ್ತಿದ್ದರು. ಹಕ್ಕಿ ಮಾತ್ರ ಅಪರೂಪಕ್ಕೆ ಇಣುಕಿ ಹೋಗುತ್ತಿತ್ತು.

ಅದಕ್ಕೆ ಕಾರಣ ಆಮೇಲೆ ತಿಳಿಯಿತು. ಹಮ್ಮಿಂಗ್‌ಬರ್ಡ್ ಹೂ ಹುಡುಕುವುದು ಮುಖ್ಯವಾಗಿ ಕಣ್ಣಿನಿಂದ. ಸಂಜೆಗೆ ಘಮ ಏರಿಸುವ ಬಿಳಿ ಹೂ ಹೆಚ್ಚಾಗಿ ಇರುಳಿನ ಪತಂಗಗಳನ್ನು ಕರೆಯುವಂಥದ್ದು. ನಮಗೆ ಸಿಕ್ಕಿದ್ದು ಜಪಾನಿ ಹನಿಸಕಲ್, ಲೋನಿಸೆರಾ ಜಪಾನಿಕಾ. 1806ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡಿಗೆ ಅಂದದ ಬಳ್ಳಿ ಅಂತ ತಂದಿದ್ದು, ಈಗ ಅಮೆರಿಕದ ಪೂರ್ವದ ಕಾಡುಗಳ ಉದ್ದಕ್ಕೂ ಹಬ್ಬಿದೆ. ಕಪ್ಪು ಹಣ್ಣು ತಿಂದ ಹಕ್ಕಿಗಳು ಬೀಜ ಚೆಲ್ಲುತ್ತವೆ, ಗೆಣ್ಣು ಮಣ್ಣಿಗೆ ತಾಗಿದಲ್ಲಿ ಬೇರು ಬಿಡುತ್ತದೆ. ನಮ್ಮ ಚಳಿಗಾಲದಲ್ಲಿ ಬೇರೆ ಗಿಡಗಳೆಲ್ಲ ಬೋಳಾದರೂ ಇದರ ಎಲೆ ಬಹುಪಾಲು ಹಸಿರಾಗಿಯೇ ಇರುತ್ತದೆ.

ಬಂಡೀಪುರದ ಸಫಾರಿಗೆ ಹೋದವರಿಗೆ ಕಾಡಿನಲ್ಲಿ ಹೀಗೇ ಹಬ್ಬಿಕೊಂಡ ಲಂಟಾನ ಗೊತ್ತೇ ಇದೆ. ಅದು ಅಮೆರಿಕ ಖಂಡದಿಂದ ಹೂವಿನ ಅಂದಕ್ಕೆಂದೇ ನಮ್ಮ ಕಡೆ ಬಂದದ್ದು. (ಹಮ್ಮಿಂಗ್‌ಬರ್ಡ್ ಬರುತ್ತೆ ಅಂತ ಅದನ್ನೂ ಇಲ್ಲಿ ಮಾರುತ್ತಾರೆ. ಫ್ಲಾರಿಡಾದವರು ಮುಟ್ಟಲೇಬೇಡಿ, ಅಲ್ಲಿ ಅದೂ ಕಾಡಿಗೆ ಇಳಿದಿದೆ.)

ಬಳ್ಳಿ ಬೇಲಿಯ ಅಡಿಯಿಂದ ಪಕ್ಕದ ಮನೆಯವರ ಡಾಗ್‌ವುಡ್ ಮರಕ್ಕೆ ಏರಿತ್ತು. ಡಾಗ್‌ವುಡ್ ಇಲ್ಲಿನ ರಾಜ್ಯಪುಷ್ಪ. ಆ ಮರ ಅವರ ಯಜಮಾನರು ಬದುಕಿದ್ದಾಗ ನೆಟ್ಟದ್ದು. ಪಕ್ಕದ ಮನೆಯಾಕೆ ಕೂಗಾಡಲಿಲ್ಲ. ಕತ್ತರಿಸಿದ ಒಂದು ಕೊಂಬೆ ತಂದು ನನ್ನ ಕೈಗೆ ಕೊಟ್ಟರು. ಬಳ್ಳಿ ಬಿಗಿದು ಸುತ್ತಿದ್ದ ಕಡೆಯಲ್ಲೆಲ್ಲ ತೊಗಟೆ ಸುರುಳಿಯಾಗಿ ಒಳಗೆ ಇಳಿದಿತ್ತು, ಅದರ ಮೇಲಿನ ಭಾಗ ಒಣಗಿತ್ತು. ಅದಾದ ಮೇಲೆ ಬಡಾವಣೆಯ ಸಂಘದಿಂದ ಕಾಗದ, ಆಳು ಕರೆಸಿ ಕೀಳಿಸುವ ಖರ್ಚು. ಅಂಗಡಿಗೆ ಫೋನ್ ಮಾಡಿದರೆ “ಗಿಡ ಚೆನ್ನಾಗಿ ಬಂದಿದೆ ಅಲ್ವಾ?” ಅನ್ನಬೇಕೆ!

ಕೊಳ್ಳುವಾಗ ನೋಡಬೇಕಾದ್ದು ಕೋರಲ್ ಹನಿಸಕಲ್, ಲೋನಿಸೆರಾ ಸೆಂಪರ್ವೈರೆನ್ಸ್. ಇದು ಇಲ್ಲಿಯದೇ ಬಳ್ಳಿ. ಹೂ ಉದ್ದನೆ ಕೊಳವೆ, ಹೊರಗೆ ಕೆಂಪು, ಒಳಗೆ ಹಳದಿ, ವಾಸನೆ ಇಲ್ಲವೇ ಇಲ್ಲ. ಹೂಗೊಂಚಲಿನ ಕೆಳಗಿನ ಎಲೆಜೋಡಿ ಒಂದಕ್ಕೊಂದು ಬೆಸೆದು ಸಣ್ಣ ತಟ್ಟೆಯಂತಾಗಿ, ದಂಟು ಅದರ ನಡುವಿನಿಂದ ತೂರಿ ಬಂದಿರುತ್ತದೆ. ಜಪಾನಿಯಲ್ಲಿ ಎಲೆ ಹೀಗೆ ಎಂದೂ ಬೆಸೆಯುವುದಿಲ್ಲ, ಎಳೆ ದಂಟಿನ ಮೇಲೆ ನವಿರು ಕೂದಲಿರುತ್ತದೆ. ಹಣ್ಣು ಕೋರಲ್‌ನದು ಕೆಂಪು, ಜಪಾನಿಯದು ಕಪ್ಪು. ಹೂವಿಲ್ಲದ ಕುಂಡವಾದರೆ ಲೋನಿಸೆರಾ ಸೆಂಪರ್ವೈರೆನ್ಸ್ ಅಂತ ಲ್ಯಾಟಿನ್ ಹೆಸರು ಬರೆದಿದ್ದರೆ ಮಾತ್ರ ತನ್ನಿ.

ಬಳ್ಳಿಯೇ ಬೇಕೆಂದಿಲ್ಲದಿದ್ದರೆ ಕೆಂಪು ಕೊಲಂಬೈನ್ ಹಾಕಿ, ಹಕ್ಕಿ ಬರುವ ಹೊತ್ತಿಗೇ ಹೂ ಬಿಡುತ್ತದೆ. ಬೇಸಿಗೆಗೆ ಬೀ ಬಾಮ್. ನೀರು ನಿಲ್ಲುವ ಮೂಲೆ ಇದ್ದರೆ ಕಾರ್ಡಿನಲ್ ಫ್ಲವರ್. ಟ್ರಂಪೆಟ್ ವೈನ್ ಕೂಡ ಇಲ್ಲಿಯದೇ, ಹಕ್ಕಿಗೂ ಇಷ್ಟ. ಆದರೆ ಬೇರಿನಿಂದ ಹುಲ್ಲಿನ ನಡುವೆಲ್ಲ ಮರಿ ಏಳುತ್ತದೆ, ಗೋಡೆ ಹಿಡಿದು ಹತ್ತುತ್ತದೆ, ಕೆಲವರಿಗೆ ಮುಟ್ಟಿದರೆ ತುರಿಕೆಯೂ ಆಗುತ್ತದೆ. ಮನೆಯ ಹತ್ತಿರ ಬೇಡ.

ಈಗಾಗಲೇ ಜಪಾನಿ ಹನಿಸಕಲ್ ಇದ್ದರೆ ಮಳೆ ಬಂದ ಮರುದಿನ ಕೀಳಿ. ಇಲ್ಲಿನ ಕೆಮ್ಮಣ್ಣು ಒಣಗಿತೆಂದರೆ ಬೇರು ಅರ್ಧಕ್ಕೇ ತುಂಡಾಗಿ ಮತ್ತೆ ಚಿಗುರುತ್ತದೆ. ಕಿತ್ತದ್ದನ್ನು ಗೊಬ್ಬರದ ರಾಶಿಗೆ ಹಾಕಬೇಡಿ, ಚೀಲದಲ್ಲಿ ಕಟ್ಟಿ ಕಸಕ್ಕೆ ಕೊಡಿ. ಯಾವ ಬಳ್ಳಿ ಅಂತ ಅನುಮಾನವಿದ್ದರೆ ನಿಮ್ಮ ಕೌಂಟಿಯ ಎಕ್ಸ್‌ಟೆನ್ಷನ್ ಆಫೀಸಿಗೆ (ಗಿಡ, ಬೆಳೆಗಳ ಬಗ್ಗೆ ಸಲಹೆ ಕೊಡುವ ಕಚೇರಿ) ಎಲೆ, ಹೂ, ಹಣ್ಣಿನ ಫೋಟೊ ತೋರಿಸಿ ಕೇಳಿ.